ಕುವೆಂಪು ಕವಿತೆ ಬರೆಯಲು ಕಲಿತದ್ದು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಮಿತಿಯವರು ಮನೆಗೆ ಬಂದಿದ್ದರು. ಬಂದವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. ಈಗ ಅವರ ತಲೆಗೂದಲೂ ನೆರೆತಿದೆ. ಕವಿತೆ ಬರೆಯಲು ಶುರುಮಾಡುವುದು ಹೇಗೆ ಎಂಬುದನ್ನು ಈಗಿನ ಮಕ್ಕಳಿಗೆ ಅರ್ಥವಾಗುವಂತೆ ಬರೆದುಕೊಡಿ ಮೇಷ್ಟ್ರೇ ಎಂದರು. ಒಪ್ಪಿಕೊಂಡೆ. ಅವರು ಕಾಫಿ ಕುಡಿದು ಹೊರಟ ಮೇಲೆ ಯೋಚನೆಗೆ ಬಿದ್ದೆ. ಇಪ್ಪತ್ತಾರು ವರ್ಷ ಈ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು ನಾನು. ಸಾವಿರಾರು ಮಕ್ಕಳಿಂದ ಗುರು ಲಘು ಹಾಕಿಸಿದ್ದೇನೆ, ಗಣ ವಿಂಗಡಿಸಿಸಿದ್ದೇನೆ, ಭಾಮಿನಿ ಷಟ್ಪದಿಯ ಲಕ್ಷಣವನ್ನು ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಒಬ್ಬರಿಗಾದರೂ ಕವಿತೆ ಬರೆಯಲು ಕಲಿಸಿದೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಒಬ್ಬಳು ಬರೆಯುವುದನ್ನು ನಿಲ್ಲಿಸುವಂತೆ ಮಾತ್ರ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಹಾಗಾಗಿ ಉಪದೇಶ ಬೇಡವೆಂದು, ನಾವೆಲ್ಲ ಹೆಸರು ಕೇಳಿರುವ ಒಬ್ಬ ಕವಿ ಹೈಸ್ಕೂಲು ಹುಡುಗನಾಗಿದ್ದಾಗ ಹೇಗೆ ಬರೆಯಲು ತೊಡಗಿದರು ಎಂಬುದನ್ನೇ ಬರೆಯುತ್ತೇನೆ. ಕುವೆಂಪು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿ ಜುಬ್ಬ ತೊಟ್ಟ ವೃದ್ಧರ ಚಿತ್ರ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲೂ ಅದೇ ಚಿತ್ರವಿದೆ. ನಾನು ಹೇಳಹೊರಟಿರುವುದು ಆ ವೃದ್ಧರ ಕಥೆಯಲ್ಲ. ಇನ್ನೂ ಕುವೆಂಪು ಆಗಿರದ, ಮೊದಲ ಪುಸ್ತಕವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಪುಟ್ಟಪ್ಪನೆಂಬ ಹುಡುಗನ ಕಥೆ.

ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕಿಗೆ ಸೇರಿದ ಊರು. ಬೆಳೆದದ್ದು ತಂದೆಯ ಮನೆ ಇದ್ದ ಕುಪ್ಪಳಿಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. ಕುಪ್ಪಳಿ ಎಂದರೆ ಊರು ಎನ್ನುವುದಕ್ಕಿಂತ ಒಂದು ಮನೆ ಎನ್ನಬೇಕು. ಮಲೆನಾಡಿನಲ್ಲಿ ಎಷ್ಟೋ ಕಡೆ ಹಾಗೆಯೇ. ಒಂದು ದೊಡ್ಡ ತೊಟ್ಟಿಮನೆ, ಮುಂದೆ ಗದ್ದೆ, ಪಕ್ಕದಲ್ಲಿ ಅಡಕೆ ತೋಟ, ಹಿಂದೆ ಗುಡ್ಡ, ಆಮೇಲೆ ಕಾಡು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟ. ನಮ್ಮೂರಿನಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ಅಂಟಿಕೊಂಡಿರುತ್ತದೆ. ಅಲ್ಲಿ ಪಕ್ಕದ ಮನೆಗೆ ಹೋಗಬೇಕೆಂದರೆ ಕಾಡು ದಾಟಬೇಕಿತ್ತು.

ಹತ್ತಿರದಲ್ಲಿ ಶಾಲೆ ಇರಲಿಲ್ಲ. ಆಗ ಮಲೆನಾಡಿನ ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು ದಕ್ಷಿಣ ಕನ್ನಡದ ಕಡೆಯಿಂದ ಐಗಳನ್ನು ಕರೆಸಿಕೊಳ್ಳುತ್ತಿದ್ದರು. ಮನೆಯ ಉಪ್ಪರಿಗೆಯೇ ಶಾಲೆ, ಮನೆಯ ಮತ್ತು ನೆಂಟರಿಷ್ಟರ ಮಕ್ಕಳೇ ವಿದ್ಯಾರ್ಥಿಗಳು. ಪುಟ್ಟಪ್ಪನವರ ಓದು ಶುರುವಾದದ್ದು ಹೀಗೆ. ಶಾಲೆಯ ಪಾಠಕ್ಕಿಂತ ಹೆಚ್ಚಾಗಿ ಕಿವಿಗೆ ಬಿದ್ದದ್ದು ಬೇರೆ ಇತ್ತು. ಆ ಸೀಮೆಯ ಮನೆಗಳಲ್ಲಿ ಮಳೆಗಾಲದ ರಾತ್ರಿ ಜೈಮಿನಿ ಭಾರತವನ್ನೋ ತೊರವೆ ರಾಮಾಯಣವನ್ನೋ ರಾಗವಾಗಿ ಓದಿ ಅರ್ಥ ಹೇಳುವ ರೂಢಿ. ಮಳೆ ನಿಂತ ಮೇಲೆ ಯಕ್ಷಗಾನ. ಅರ್ಥ ತಿಳಿಯದ ವಯಸ್ಸಿನಲ್ಲೇ ಷಟ್ಪದಿಯ ನಡೆ ಕಿವಿಯಲ್ಲಿ ಕೂತುಬಿಡುತ್ತದೆ. ಪುಸ್ತಕದ ಛಂದಸ್ಸು ಬರುವುದು ಆಮೇಲೆ. ನಮ್ಮ ಊರುಗಳಲ್ಲಿ ಕೋಲಾಟದ ಪದ, ಸೋಬಾನೆ, ಭಜನೆ ಕೇಳಿ ಬೆಳೆದ ಮಕ್ಕಳಿಗೂ ಈ ಬಂಡವಾಳ ಇದೆ. ಅದು ಬಂಡವಾಳ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಪುಟ್ಟಪ್ಪನವರಿಗೂ ಯಾರೂ ಹೇಳಿದಂತಿಲ್ಲ.

ಮುಂದಿನ ಓದಿಗೆ ತೀರ್ಥಹಳ್ಳಿಯ ಶಾಲೆ. ಹುಡುಗನಿಗೆ ಹನ್ನೆರಡು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಅಲ್ಲಿಂದ ಮೈಸೂರು, ವೆಸ್ಲಿಯನ್ ಮಿಷನ್ ಹೈಸ್ಕೂಲು. ಕಾಡಿನಿಂದ ಬಂದ ಹುಡುಗನಿಗೆ ಮೈಸೂರು ಎಂದರೆ ಮೊದಲು ಪುಸ್ತಕಗಳು. ವರ್ಡ್ಸ್‌ವರ್ತ್, ಶೆಲ್ಲಿ, ಮಿಲ್ಟನ್, ಟೆನಿಸನ್ ಇವರನ್ನೆಲ್ಲ ಪರೀಕ್ಷೆಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಾಗಿ ಓದಿದರು. ವಿವೇಕಾನಂದರ ಕೃತಿಗಳು, ರವೀಂದ್ರನಾಥ ಠಾಕೂರರ ಪುಸ್ತಕಗಳು ಕೈಗೆ ಬಂದವು. ಇವೆಲ್ಲ ಬಂದದ್ದು ಇಂಗ್ಲಿಷಿನಲ್ಲಿ. ಆಗಿನ ಕಾಲದ ಹೈಸ್ಕೂಲಿನಲ್ಲಿ ಬುದ್ಧಿಗೆ ಬೇಕಾದದ್ದೆಲ್ಲ ಇಂಗ್ಲಿಷಿನಲ್ಲೇ ಬರುತ್ತಿತ್ತು. ಕನ್ನಡವೆಂದರೆ ಪಂಡಿತರ ಒಂದು ಗಂಟೆಯ ತರಗತಿ, ಹಳಗನ್ನಡದ ಕಠಿಣ ಪದಗಳು, ಪದವಿಭಾಗ, ಅಲಂಕಾರ. ನನ್ನ ಕಾಲದಲ್ಲೂ ಹೆಚ್ಚೇನೂ ಬದಲಾಗಿರಲಿಲ್ಲ. ನನ್ನ ತರಗತಿಯೂ ಎಷ್ಟೋ ದಿನ ಹಾಗೆಯೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಹುಡುಗ ಬರೆಯತೊಡಗಿದ್ದು ಇಂಗ್ಲಿಷಿನಲ್ಲಿ ಎಂಬುದರಲ್ಲಿ ಏನು ಆಶ್ಚರ್ಯ? ಯಾವ ಭಾಷೆಯಲ್ಲಿ ಕವಿತೆ ಎದೆಗೆ ತಾಗಿತೋ ಆ ಭಾಷೆಯಲ್ಲೇ ಮೊದಲು ಬರೆಯಬೇಕೆನಿಸುತ್ತದೆ. 1922ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿರುವಾಗಲೇ, ಅವರ ಇಂಗ್ಲಿಷ್ ಕವಿತೆಗಳ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಅದರ ಹೆಸರು ಬಿಗಿನರ್ಸ್ ಮ್ಯೂಸ್. ಕನ್ನಡದಲ್ಲಿ ಹೇಳುವುದಾದರೆ, ಈಗಷ್ಟೇ ಶುರುಮಾಡಿದವನ ಕಾವ್ಯದೇವಿ. ಹದಿನೇಳು ಹದಿನೆಂಟರ ಹುಡುಗ ತನ್ನನ್ನು ಹೊಸಬ ಎಂದು ತಾನೇ ಕರೆದುಕೊಂಡು ಪುಸ್ತಕ ಹೊರಡಿಸಿದನಲ್ಲ, ಆ ಹೆಸರು ನನಗೆ ಬಹಳ ಇಷ್ಟ. ಅದರಲ್ಲಿ ವಿನಯವೂ ಇದೆ, ಮುಂದೆ ಇನ್ನೂ ಬರೆಯುತ್ತೇನೆ ಎಂಬ ಠೇಂಕಾರವೂ ಇದೆ.

ಆ ಕವಿತೆಗಳನ್ನು ಅನುಕರಣೆ ಎಂದು ತಳ್ಳಿಹಾಕುವುದು ಸುಲಭ. ಹೌದು, ಹುಡುಗ ನಡೆದದ್ದು ಓದಿದ ಕವಿಗಳ ಹೆಜ್ಜೆಯ ಮೇಲೆಯೇ. ಆದರೆ ಅನುಕರಣೆಯಿಲ್ಲದೆ ಯಾರು ಕಲಿತಿದ್ದಾರೆ? ಮಗ್ಗದ ಮುಂದೆ ಕೂರುವ ಹುಡುಗ ಮೊದಲು ಅಪ್ಪನ ಕೈ ನೋಡಿಯೇ ಲಾಳಿ ಎಸೆಯುವುದು. ಎರಡು ಮೂರು ವರ್ಷ ಇಂಗ್ಲಿಷ್ ಪದ್ಯದ ಸಾಲುಗಳನ್ನು ಅಳೆದು, ತೂಗಿ, ಪ್ರಾಸಕ್ಕಾಗಿ ತಡಕಾಡಿದ್ದರಿಂದ ಅವರಿಗೆ ಒಂದು ವಿಷಯ ಗಟ್ಟಿಯಾಗಿ ಸಿಕ್ಕಿತು. ಕವಿತೆ ಕೂತು ಮಾಡುವ ಕೆಲಸ, ಬರೆದು ಹೊಡೆದುಹಾಕಿ ಮತ್ತೆ ಬರೆಯುವ ಕೆಲಸ ಎಂಬುದು. ಅದು ಯಾವ ಭಾಷೆಯಲ್ಲಿ ಕಲಿತರೂ ವ್ಯರ್ಥವಲ್ಲ.

ಇನ್ನು 1924. ಕನ್ನಡ ಬಲ್ಲವರಿಗೆಲ್ಲ ಗೊತ್ತಿರುವ ಪ್ರಸಂಗ ಇದು. ಗೊತ್ತಿದ್ದರೂ ಇನ್ನೊಮ್ಮೆ ನಿಧಾನವಾಗಿ ನೋಡಬೇಕು ಎನ್ನುವುದಕ್ಕೆ ನನಗೆ ನನ್ನದೇ ಕಾರಣವಿದೆ.

ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಮೈಸೂರಿಗೆ ಬಂದಿದ್ದರು. ಹುಟ್ಟಿದ್ದು ಬೆಲ್‌ಫಾಸ್ಟಿನಲ್ಲಿ, 1873ರಲ್ಲಿ. 1915ರಲ್ಲಿ ಆನಿ ಬೆಸೆಂಟರ ಕರೆಯ ಮೇಲೆ ಭಾರತಕ್ಕೆ ಬಂದವರು ಇಲ್ಲಿಯೇ ನೆಲೆಸಿದರು. ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದಾಗ, 1919ರಲ್ಲಿ, ರವೀಂದ್ರರು ಅಲ್ಲಿಗೆ ಹೋಗಿ ಉಳಿದಿದ್ದರು. ನಮ್ಮ ರಾಷ್ಟ್ರಗೀತೆಯ ಧಾಟಿಗೆ ಸ್ವರಪ್ರಸ್ತಾರ ಬರೆದಿಟ್ಟವರು ಕಸಿನ್ಸರ ಪತ್ನಿ ಮಾರ್ಗರೆಟ್. ಇಂಥ ಒಬ್ಬ ಕವಿ ಊರಿಗೆ ಬಂದಿರುವಾಗ ತನ್ನ ಕವಿತೆಗಳನ್ನು ತೋರಿಸಬೇಕೆಂದು ಯಾವ ಹುಡುಗನಿಗಾದರೂ ಅನಿಸದೆ ಇರುತ್ತದೆಯೇ? ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೆಗೆದುಕೊಂಡು ಹೋದರು. ಮೈಮೇಲೆ ಖಾದಿ. ಗಾಂಧೀಜಿಯವರ ಚಳವಳಿಯ ಕಾಲ ಅದು.

ಕಸಿನ್ಸ್ ಕವಿತೆಗಳನ್ನು ನೋಡಿದರು. ಹುಡುಗ ಕಾದಿದ್ದ ಮೆಚ್ಚುಗೆ ಬರಲಿಲ್ಲ. ಇದೆಲ್ಲ ಏನು ಎಂಬ ಧಾಟಿಯಲ್ಲೇ ಕೇಳಿದರು. ತೊಟ್ಟ ಬಟ್ಟೆಯೆಲ್ಲ ಸ್ವದೇಶಿ, ಬರೆದದ್ದು ಮಾತ್ರ ಪರದೇಶಿ ಎಂದು ತೋರಿಸಿಕೊಟ್ಟರು. ಆಮೇಲೆ ಕನ್ನಡದಲ್ಲಿ ಏನಾದರೂ ಬರೆದಿರುವುದುಂಟೇ ಎಂದು ವಿಚಾರಿಸಿದರು. ಪುಟ್ಟಪ್ಪ ಸುಮ್ಮನೆ ತಲೆಯಾಡಿಸಿ ಬರಲಿಲ್ಲ, ವಾದಿಸಿದರು. ತಾನು ಹೇಳಬೇಕೆಂದಿರುವ ಭಾವಗಳನ್ನು ಹೊರುವ ಶಕ್ತಿ ಕನ್ನಡಕ್ಕಿಲ್ಲ, ಅದರ ಛಂದಸ್ಸು ಹಳೆಯದು, ಇಂಗ್ಲಿಷಿನಲ್ಲಿರುವ ವೈವಿಧ್ಯ ಅದರಲ್ಲಿಲ್ಲ ಎಂಬುದು ಅವರ ವಾದದ ತಿರುಳು. ಕಸಿನ್ಸ್ ಒಪ್ಪಲಿಲ್ಲ. ಯಾವ ಭಾಷೆಯೂ ಹುಟ್ಟಿನಿಂದ ಅಶಕ್ತವಲ್ಲ, ಸಮರ್ಥನಾದವನು ಕೈಗೆತ್ತಿಕೊಂಡರೆ ಅದಕ್ಕೆ ಶಕ್ತಿ ಬರುತ್ತದೆ ಎಂದರು.

ಹುಡುಗನಿಗೆ ಬೇಸರವಾಯಿತು. ಆಗದೆ ಇರುತ್ತದೆಯೇ! ಅಚ್ಚಾದ ಕವಿಯಾಗಿ ಹೋದವನು ಬರಿಗೈಯಲ್ಲಿ ವಾಪಸಾಗಿದ್ದ. ಆದರೆ ಆ ಮಾತು ಒಳಗೆ ಕೆಲಸ ಮಾಡಿತು. ಅಂದಿನಿಂದ ಕನ್ನಡ ಪದ್ಯಗಳು ಬರತೊಡಗಿದವು. ಅದೇ 1924ರಲ್ಲಿ ಅಮಲನ ಕಥೆ ಎಂಬ ಸಣ್ಣ ಕನ್ನಡ ಕಥನಕವನ ಹೊರಬಂತು. ಕಿಶೋರಚಂದ್ರವಾಣಿ ಎಂಬ ಕಾವ್ಯನಾಮ ಇಟ್ಟುಕೊಂಡು ಬರೆದದ್ದೂ ಈ ಆರಂಭದ ದಿನಗಳಲ್ಲೇ. ಆ ಹೆಸರನ್ನು ಈಗ ಓದಿದರೆ ಸ್ವಲ್ಪ ನಗು ಬರುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ನಾವೆಲ್ಲ ಇಟ್ಟುಕೊಳ್ಳುವ ಹೆಸರಿನ ಹಾಗೆಯೇ ಇದೆ.

ಈ ಪ್ರಸಂಗದಲ್ಲಿ ನನಗೆ ತಮಾಷೆಯಾಗಿ ಕಾಣುವ ಒಂದು ಅಂಶವಿದೆ. ನಿನ್ನ ಭಾಷೆಯಲ್ಲಿ ಬರೆ ಎಂದ ಕಸಿನ್ಸ್ ಸ್ವತಃ ಐರ್ಲೆಂಡಿನವರು, ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ತಮ್ಮ ನಾಡಿನ ಹಳೆಯ ಕಥೆಗಳನ್ನೂ ಹಾಡುಗಳನ್ನೂ ಎತ್ತಿಹಿಡಿದ ಐರಿಷ್ ಬರಹಗಾರರ ನಡುವೆ ಬೆಳೆದವರು ಅವರು. ನಾಡಿನ ಮಾತು ಕೈತಪ್ಪಿಹೋದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ಕಂಡಿದ್ದವರು. ನಮ್ಮೂರಲ್ಲಿ ಓದಲು ಆಗದೆ ಹೋದ ಅಪ್ಪ ಮಗನಿಗೆ ಓದು ಓದು ಎನ್ನುವುದಿಲ್ಲವೇ, ಹಾಗೆ.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಂದು ನೋಟುಬುಕ್ಕು ಕೊಟ್ಟಳು. ಹಿಂದಿನಿಂದ ನಾಲ್ಕು ಹಾಳೆ ತುಂಬ ಕವಿತೆಗಳು. ತೆರೆದು ನೋಡಿದರೆ ಸಹ್ಯಾದ್ರಿಯ ಸೋನೆಮಳೆ, ಕಾಜಾಣದ ಹಾಡು, ಅಡಕೆ ತೋಟದ ತಂಪು! ನಮ್ಮ ಊರಿನ ಮಳೆ ನಿಮಗೆ ಗೊತ್ತಲ್ಲ. ಬಂದರೆ ಆರು ದಿನ, ಬರದಿದ್ದರೆ ಅದೂ ಇಲ್ಲ. ಆ ಮಗು ಅಡಕೆ ಮರವನ್ನೇ ನೋಡಿರಲಿಲ್ಲ. ನಾನು ಕೆಂಪು ಮಸಿಯ ಪೆನ್ನಿನಿಂದ ಅಡ್ಡಗೆರೆ ಎಳೆದು, ಇದು ಪಾಠದಿಂದ ಕದ್ದದ್ದು ಎಂದು ಬರೆದೆ. ಅಷ್ಟು ಸಾಲದೆಂಬಂತೆ ತರಗತಿಯಲ್ಲಿ ಹೆಸರು ಹೇಳದೆ ಆ ಮಾತೆತ್ತಿ ನಗಿಸಿದೆ. ಹೆಸರು ಹೇಳದಿದ್ದರೇನು, ಎಲ್ಲರೂ ಅವಳ ಕಡೆ ತಿರುಗಿದರು. ಹತ್ತನೇ ತರಗತಿ ಮುಗಿಸಿ ಹೋಗುವವರೆಗೆ ಅವಳು ಮತ್ತೆ ನನಗೆ ಏನನ್ನೂ ತೋರಿಸಲಿಲ್ಲ. ಪ್ರಬಂಧವನ್ನೂ ಗೈಡಿನಲ್ಲಿದ್ದಂತೆಯೇ ಬರೆಯುತ್ತಿದ್ದಳು. ಅಂಕವೂ ಬರುತ್ತಿತ್ತು.

ಇದಾಗಿ ಎಷ್ಟೋ ವರ್ಷಗಳ ಮೇಲೆ ಕುವೆಂಪು ಅವರ ಆತ್ಮಕಥೆ ನೆನಪಿನ ದೋಣಿಯಲ್ಲಿ ಓದುತ್ತಿದ್ದೆ. ಕಸಿನ್ಸರ ಪ್ರಸಂಗ ಬಂದಾಗ ಪುಸ್ತಕ ಮುಚ್ಚಿಟ್ಟೆ. ಅವರು ಹೇಳಿದ್ದೂ ನಾನು ಹೇಳಿದ್ದೂ ಒಂದೇ ಮಾತಲ್ಲವೇ, ಇದು ನಿನ್ನದಲ್ಲ ಎಂದು? ಹಾಗಾದರೆ ಅಲ್ಲಿ ಒಬ್ಬ ಕವಿ ಎದ್ದ, ಇಲ್ಲಿ ಒಬ್ಬಳು ಸುಮ್ಮನಾದಳು, ಯಾಕೆ? ಆ ಹುಡುಗ ಹತ್ತೊಂಬತ್ತರವನು, ಗಟ್ಟಿಗ, ವಾದ ಮಾಡಬಲ್ಲವನು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕಸಿನ್ಸ್ ಎರಡನೆಯ ಪ್ರಶ್ನೆಯೊಂದನ್ನು ಕೇಳಿದ್ದರು. ನಿನ್ನದು ಎಲ್ಲಿ ಎಂದು ವಿಚಾರಿಸಿದ್ದರು. ಹುಡುಗ ಎದುರಾಡಿದಾಗ ಕೂತು ಉತ್ತರ ಕೊಟ್ಟಿದ್ದರು. ನಾನು ಕೆಂಪು ಗೆರೆ ಎಳೆದು ಮುಂದಿನ ಪಾಠಕ್ಕೆ ಹೋಗಿದ್ದೆ. ನಿಮ್ಮ ಹೊಲದಲ್ಲಿ ಏನು ಬೆಳೆದಿದ್ದೀರಿ, ಮಳೆ ಹೋದರೆ ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತೋ ಏನೋ.

ಇರಲಿ, ಪುಟ್ಟಪ್ಪನವರ ಕಥೆಗೆ ಬರೋಣ. ಕನ್ನಡದಲ್ಲಿ ಬರೆಯಬೇಕೆಂದು ನಿಶ್ಚಯಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅವರು ಕಸಿನ್ಸರ ಮುಂದೆ ಮಾಡಿದ ವಾದ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಆಗ ಪದ್ಯವೆಂದರೆ ಬಹುಮಟ್ಟಿಗೆ ಷಟ್ಪದಿ, ಕಂದ, ವೃತ್ತ. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಹೊಂದಲೇಬೇಕು. ಪ್ರಾಸ ಹುಡುಕುವ ಗಡಿಬಿಡಿಯಲ್ಲಿ ಹೇಳಬೇಕಾದದ್ದೇ ಕೈತಪ್ಪಿ ಹೋಗುತ್ತಿತ್ತು. ಬೆಳಗಿನ ಬಿಸಿಲಲ್ಲಿ ಒಂದು ಹೂ ಕಂಡು ಮನಸ್ಸಿಗೆ ಆದದ್ದನ್ನು ಹನ್ನೆರಡು ಸಾಲಿನಲ್ಲಿ ಹೇಳಿ ಸುಮ್ಮನಾಗಬೇಕೆಂದರೆ ಅದಕ್ಕೆ ತಕ್ಕ ಪಾತ್ರೆ ಇರಲಿಲ್ಲ. ಹಂಡೆ ಇತ್ತು, ಲೋಟ ಇರಲಿಲ್ಲ ಎನ್ನಬಹುದು.

ಆ ಲೋಟ ಮಾಡುತ್ತಿದ್ದವರು ಅದೇ ಮೈಸೂರಿನಲ್ಲಿದ್ದರು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು. ಕನ್ನಡ ತಲೆ ಎತ್ತುವ ಬಗೆ ಯಾವುದು ಎಂಬುದರ ಬಗ್ಗೆ 1911ರಲ್ಲೇ ಧಾರವಾಡದಲ್ಲಿ ಭಾಷಣ ಮಾಡಿದ್ದವರು. ಇಂಗ್ಲಿಷ್ ಭಾವಗೀತೆಗಳನ್ನು ಕನ್ನಡಕ್ಕೆ ತಂದು, 1926ರಲ್ಲಿ ಇಂಗ್ಲಿಷ್ ಗೀತಗಳು ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರು ಮಾಡಿದ್ದು ಹೇಳಲು ಸರಳ. ಆದಿಪ್ರಾಸದ ಕಟ್ಟನ್ನು ಸಡಿಲಿಸಿದರು. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳಿಂದ ಬೇರೆ ಬೇರೆ ಉದ್ದದ ಸಾಲುಗಳನ್ನೂ ಹೊಸ ನುಡಿಗಳನ್ನೂ ಕಟ್ಟಿದರು. ಇಟ್ಟಿಗೆ ಹಳೆಯದೇ, ಮನೆಯ ನಕ್ಷೆ ಹೊಸದು. ಆಗ ಬರೆಯುತ್ತಿದ್ದ ಎಳೆಯರಿಗೆಲ್ಲ ಇದರಿಂದ ಬಾಗಿಲು ತೆರೆದಂತಾಯಿತು.

ಪುಟ್ಟಪ್ಪ ಆ ಬಾಗಿಲಿನಲ್ಲಿ ಹೇಗೆ ನುಗ್ಗಿದರು ಎಂಬುದಕ್ಕೆ ಬೊಮ್ಮನಹಳ್ಳಿಯ ಕಿಂದರಿಜೋಗಿಯೇ ಸಾಕ್ಷಿ. ನಾವೆಲ್ಲ ಕುಣಿಕುಣಿದು ಹಾಡಿದ ಆ ಪದ್ಯದ ಮೂಲ ಇಂಗ್ಲಿಷ್ ಕವಿ ಬ್ರೌನಿಂಗನ ಕವಿತೆ ಎಂದರೆ ಮಕ್ಕಳು ಈಗಲೂ ನಂಬುವುದಿಲ್ಲ. ಅಲ್ಲಿ ಜರ್ಮನಿಯ ಹ್ಯಾಮೆಲಿನ್ ಪಟ್ಟಣ, ವೇಸರ್ ನದಿ. ಇಲ್ಲಿ ತುಂಗೆಯ ದಡದ ಬೊಮ್ಮನಹಳ್ಳಿ. ಕೊಳಲೂದುವವನು ಹೋಗಿ ಜೋಗಿ ಬಂದ. ಇಲಿಗಳಂತೂ ಮಲೆನಾಡಿನ ಕಣಜದಿಂದಲೇ ಎದ್ದು ಬಂದವು. ಎರಡು ವರ್ಷ ಹಿಂದೆ ಕನ್ನಡದಲ್ಲಿ ಆಗದು ಎಂದು ವಾದಿಸಿದ್ದ ಹುಡುಗ, ಇಂಗ್ಲಿಷಿನಿಂದ ಕಲಿತದ್ದನ್ನು ಬಿಸಾಡದೆ ಹೆಗಲ ಮೇಲೆ ಹೊತ್ತುಕೊಂಡೇ ಮನೆಗೆ ಬಂದಿದ್ದ.

ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅದು ಅರ್ಧ ಸತ್ಯ. ಮಿಲ್ಟನ್ನನ ಪ್ರಾಸವಿಲ್ಲದ ಪದ್ಯ ಅವರ ಕಿವಿಯಲ್ಲಿತ್ತು. ಲಲಿತ ರಗಳೆ ಎಂಬ ಹಳೆಯ ಕನ್ನಡ ಛಂದಸ್ಸಿನಲ್ಲಿ ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ. ಅದರ ಪ್ರಾಸವನ್ನು ಬಿಟ್ಟು, ಮಾತು ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ಹರಿಯುವಂತೆ ಮಾಡಿದರೆ ಸರಳ ರಗಳೆ. ಅವರ ನಾಟಕಗಳೂ ಚಿತ್ರಾಂಗದಾ ಕಾವ್ಯವೂ ನಡೆದದ್ದು ಆ ದಾರಿಯಲ್ಲಿ. ಇಂಗ್ಲಿಷಿನ ಹದಿನಾಲ್ಕು ಸಾಲಿನ ಸಾನೆಟ್ಟನ್ನು ಕನ್ನಡಕ್ಕೆ ಒಗ್ಗಿಸಿಕೊಂಡು ಕೃತ್ತಿಕೆ ಎಂಬ ಸಂಕಲನವನ್ನೇ ಕೊಟ್ಟರು. ಇಂಗ್ಲಿಷ್ ಕವಿತೆಗಳನ್ನೂ ಅವರು ಸುಟ್ಟುಹಾಕಲಿಲ್ಲ. ಎಷ್ಟೋ ಕಾಲದ ಮೇಲೆ, ದೊಡ್ಡ ಕವಿಯಾದ ಮೇಲೆ, ಅವು ಏಲಿಯನ್ ಹಾರ್ಪ್ ಎಂಬ ಹೆಸರಿನಲ್ಲಿ ಪುಸ್ತಕವಾದವು. ಪರಕೀಯ ವೀಣೆ ಎಂದು ಅರ್ಥ ಮಾಡಿಕೊಳ್ಳಬಹುದು. ಮೊದಲ ಪುಸ್ತಕದ ಹೆಸರಿನಲ್ಲಿದ್ದ ಹೊಸಬನನ್ನು ಅವರು ಮರೆತಿರಲಿಲ್ಲ.

ಕನ್ನಡದ ಮೊದಲ ಕವನ ಸಂಕಲನ ಕೊಳಲು ಬಂದದ್ದು 1930ರಲ್ಲಿ. ಬಿಗಿನರ್ಸ್ ಮ್ಯೂಸ್‌ನಿಂದ ಲೆಕ್ಕ ಹಾಕಿದರೆ ಎಂಟು ವರ್ಷ. ನಡುವೆ ಬಿ.ಎ. ಮುಗಿಯಿತು, 1927ರಲ್ಲಿ, ತತ್ವಶಾಸ್ತ್ರದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಗಷ್ಟೇ ಶುರುವಾಗಿದ್ದ ಕನ್ನಡ ಎಂ.ಎ.ಗೆ ಸೇರಿ 1929ರಲ್ಲಿ ಮುಗಿಸಿದರು. ಕವಿಯಾಗಲು ಹೊರಟವನು ಪಂಪ, ನಾರಣಪ್ಪರನ್ನು ಕೂತು ಓದಿದ. ಈಗಿನ ಹೊಸಬರಿಗೆ ಇದೊಂದು ಬೇಸರದ ವಿಷಯ ಎಂದು ಬಲ್ಲೆ. ಹಳೆಯದನ್ನು ಯಾಕೆ ಓದಬೇಕು ಸಾರ್ ಎಂದು ಕೇಳದ ತರಗತಿಯೇ ಇಲ್ಲ. ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು.

ಆಮೇಲಿನದನ್ನು ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಓದಿದ್ದೀರಿ. ಕಾನೂರು ಹೆಗ್ಗಡಿತಿ, ಶ್ರೀರಾಮಾಯಣ ದರ್ಶನಂ, 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ, ಮಾನಸ ಗಂಗೋತ್ರಿ, ಮಲೆಗಳಲ್ಲಿ ಮದುಮಗಳು, ಕನ್ನಡಕ್ಕೆ ಮೊದಲ ಜ್ಞಾನಪೀಠ. 1994ರ ನವೆಂಬರ್ 11ರಂದು ತೀರಿಕೊಂಡರು. ನಮ್ಮ ಶಾಲೆಯ ಅಂಗಳದಲ್ಲಿ ಬೆಳಿಗ್ಗೆ ಮಕ್ಕಳು ಹಾಡುವ ನಾಡಗೀತೆ ಅವರ ಯೌವನದ ರಚನೆ. 2004ರಲ್ಲಿ ಸರ್ಕಾರ ಅದನ್ನು ನಾಡಗೀತೆಯಾಗಿ ಅಂಗೀಕರಿಸಿತು. ಕನ್ನಡಕ್ಕೆ ಶಕ್ತಿಯಿಲ್ಲ ಎಂದಿದ್ದ ಹುಡುಗನ ಹಾಡಿಗೆ ಇಡೀ ರಾಜ್ಯ ಎದ್ದು ನಿಲ್ಲುತ್ತದೆ.

ನಾನು ನಿವೃತ್ತನಾಗುವ ಹಿಂದಿನ ವರ್ಷ ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಕುಪ್ಪಳಿಗೆ ಕರೆದುಕೊಂಡು ಹೋಗಿದ್ದೆವು. ಈಗ ಆ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಮಕ್ಕಳು ಮರದ ಕಂಬಗಳನ್ನು ಮುಟ್ಟಿ ನೋಡಿದರು, ಉಪ್ಪರಿಗೆ ಹತ್ತಿದರು. ಆಮೇಲೆ ಹಿಂದಿನ ಗುಡ್ಡ ಹತ್ತಿ ಕವಿಶೈಲಕ್ಕೆ ಹೋದೆವು. ಅಲ್ಲಿನ ಬಂಡೆಯ ಮೇಲೆ ಹಿಂದೆ ಕೆತ್ತಿದ ಹೆಸರುಗಳಿವೆ. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು. ಗುರುಗಳೂ ಶಿಷ್ಯನೂ ಒಂದೇ ಬಂಡೆಯ ಮೇಲೆ. ಸುತ್ತ ಕಣ್ಣು ಹಾಯುವವರೆಗೆ ಹಸಿರು. ಹಿಂದಿನ ಸಾಲಿನ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿ ಬಿಡದವನು, ನನ್ನ ಪಕ್ಕ ಬಂದು ನಿಂತ. ಇಂಥ ಜಾಗದಲ್ಲಿದ್ದರೆ ಯಾರು ಬೇಕಾದರೂ ಕವಿಯಾಗಬಹುದು, ನಮ್ಮೂರಲ್ಲಿ ಏನಿದೆ ಸಾರ್, ಜಾಲಿ ಮರ ಎಂದ.

ಕೆಂಪು ಪೆನ್ನಿನ ನೆನಪು ಬಂತು. ಕುವೆಂಪು ವರ್ಡ್ಸ್‌ವರ್ತನಿಂದ ಹೊರಬಂದಂತೆ ನಮ್ಮ ಮಕ್ಕಳು ಕುವೆಂಪುವಿನಿಂದ ಹೊರಬರಬೇಕಲ್ಲ ಎಂದು ಅಲ್ಲಿ ನಿಂತಾಗ ಹೊಳೆಯಿತು. ಅವರ ಕಾಡು ಅವರದು. ಅವರಿಗೆ ಇಂಗ್ಲೆಂಡಿನ ಹಕ್ಕಿಗಳಿಂದ ತಮ್ಮ ಕಾಜಾಣ, ಪಿಕಳಾರಗಳ ಕಡೆಗೆ ಬರಲು ಎರಡು ವರ್ಷ ಹಿಡಿಯಿತು. ನಮ್ಮವರು ಕಾಜಾಣದಿಂದ ನಮ್ಮ ಹೊಲದ ಗೌಜಲಿಗೆ, ಪುರುಳಿಗೆ ಬರಬೇಕು. ಈ ಸಲ ನಾನು ಪಾಠ ಮಾಡಲಿಲ್ಲ. ಬಂಡೆಯ ಮೇಲಿನ ಎರಡನೆಯ ಹೆಸರನ್ನು ತೋರಿಸಿದೆ. ವೆಂಕಣ್ಣಯ್ಯನವರು ತಳುಕಿನವರು, ಚಳ್ಳಕೆರೆ ತಾಲ್ಲೂಕಿನವರು. ನಮ್ಮ ಹಾಗೆಯೇ ಬಯಲುಸೀಮೆಯ ಬಿಸಿಲಿನವರು. ಪುಟ್ಟಪ್ಪನವರಿಗೆ ಕಾಲೇಜಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಅವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಹೊರಬಂದ ಶ್ರೀರಾಮಾಯಣ ದರ್ಶನಂ ಅರ್ಪಿತವಾಗಿರುವುದು ಅವರಿಗೆ. ಇಷ್ಟು ಹೇಳಿ, ನಿಮ್ಮ ಜಾಲಿ ಮರದಲ್ಲಿ ಈಗ ಹೂವಿದೆಯೋ ಇಲ್ಲವೋ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಊರಿಗೆ ಹೋದ ಮೇಲೆ ನೋಡಿ ಹೇಳುತ್ತೇನೆ ಎಂದ. ಮರುವಾರ ಬಂದು, ಹೂವಿದೆ ಸಾರ್, ಹಳದಿ, ಆಡು ಮೇಯಿಸುವವರು ಕಾಯಿ ಬಡಿಯಲು ದೋಟಿ ಹಿಡಿದುಕೊಂಡು ಬರುತ್ತಾರೆ ಎಂದು ಹೇಳಿದ. ಬರೆದುಕೊಂಡು ಬಾ ಎಂದೆ. ಬರೆದನೋ ಇಲ್ಲವೋ, ನನಗೆ ಅವನು ತೋರಿಸಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಂತು, ನನ್ನ ನಿವೃತ್ತಿಯೂ ಬಂತು.

ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಈಗಿನ ಮಕ್ಕಳ ಕವಿತೆಗಳಿವೆ. ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದಲು ಸಮಿತಿಯವರು ನನಗೆ ಕಳಿಸಿದ್ದರು. 11 ಕವಿತೆಗಳು. ಎರಡರಲ್ಲಿ ಸಹ್ಯಾದ್ರಿ ಇದೆ, ಒಂದರಲ್ಲಿ ಹಿಮವೂ ಬಿದ್ದಿದೆ. ಒಂದರಲ್ಲಿ ಮಾತ್ರ ಬೋರ್‌ವೆಲ್ ಕೊರೆಸಿದ ರಾತ್ರಿ ನೀರು ಬರದೆ ಲಾರಿ ಹೊರಟುಹೋದದ್ದು, ಅಪ್ಪ ಅಂಗಳದಲ್ಲೇ ಕೂತದ್ದು ಇದೆ. ಪ್ರಾಸ ಎಲ್ಲಿಯೂ ಕೂಡಿಲ್ಲ. ಕಾಗುಣಿತದ ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ, ಬೇರೇನನ್ನೂ ಮುಟ್ಟದೆ, ಹನ್ನೊಂದನ್ನೂ ಹಾಗೆಯೇ ಹಿಂದಕ್ಕೆ ಕಳಿಸಿದ್ದೇನೆ.